ಎಳೆಯರ ನೋವನ್ನು ವೈದ್ಯಲೋಕ ನಂಬಿದ ಬಗೆ

ಹಡಪಸರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಎಳೆಯ ಮಕ್ಕಳ ಸಣ್ಣ ಶಸ್ತ್ರಕ್ರಿಯೆ ಇಂದು ಹೆಚ್ಚಾಗಿ ಒಂದು ಹಗಲಿನ ಕೆಲಸ. ಹರ್ನಿಯಾ, ಅಂಟಿದ ನಾಲಗೆ, ಮುಂದೊಗಲಿನ ಬಿಗಿತ ಮುಂತಾದವುಗಳಿಗಾಗಿ ಬೆಳಿಗ್ಗೆ ಆಸ್ಪತ್ರೆಗೆ ಹೋದ ಕೂಸು ಎಷ್ಟೋ ಸಲ ಸಂಜೆಗೆ ಮನೆ ಸೇರಿರುತ್ತದೆ. ಅರಿವಳಿಕೆ ಪೂರ್ತಿಯಾಗಿ ಇಳಿಯುವುದು ಮನೆಯಲ್ಲಿ, ನೋವು ತಲೆಯೆತ್ತುವುದೂ ಅಲ್ಲಿಯೇ. ಅಜ್ಜಿ ವಿಜಯಪುರದಲ್ಲೋ ಕಲಬುರಗಿಯಲ್ಲೋ ಇರುತ್ತಾಳೆ. ಆ ರಾತ್ರಿಯ ದಾದಿಯರೆಂದರೆ ತಂದೆತಾಯಿಗಳೇ. ಈ ಹೊಣೆ ಅವರ ಕೈಗೆ ಬಂದ ಚರಿತ್ರೆಯನ್ನು ನಾವು ಅರಿತಿರುವುದು ಒಳ್ಳೆಯದು.

ನಮ್ಮ ನೆಲದ ಹಳೆಯ ಸಾಕ್ಷಿ ಸುಶ್ರುತ ಸಂಹಿತೆಯಲ್ಲಿದೆ. ಅದರ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವ ವಿಧಿಯನ್ನು ಹೇಳುವಾಗ, ಕೂಸನ್ನು ದಾದಿಯ ಮಡಿಲಲ್ಲಿ ಕೂರಿಸಿ, ಆಟಿಕೆಗಳಿಂದ ರಮಿಸಿ, ಆ ಬಳಿಕವೇ ಚುಚ್ಚಬೇಕೆನ್ನುತ್ತದೆ. ಚುಚ್ಚಿದ ಮೇಲೆ ಹತ್ತಿಯ ಬತ್ತಿಯಿಟ್ಟು ಎಣ್ಣೆ ಬಿಡುವುದೂ ಅಲ್ಲಿ ಹೇಳಲ್ಪಟ್ಟಿದೆ. ಮಗುವಿಗೆ ನೋವಾಗುತ್ತದೆ, ಮಡಿಲು ಅದನ್ನು ತಗ್ಗಿಸುತ್ತದೆ ಎಂಬ ಅರಿವು ಆ ವಿಧಿಯೊಳಗೇ ಅಡಗಿದೆ.

ಆಧುನಿಕ ಕಾಲದಲ್ಲಿ ಮಗುವನ್ನು ಅದೇ ದಿನ ಮನೆಗೆ ಕಳುಹಿಸುವ ಪದ್ಧತಿಗೆ ಅಡಿಪಾಯ ಹಾಕಿದವರು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ನಿಕೊಲ್. ಗ್ಲಾಸ್ಗೋದ ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹತ್ತು ವರ್ಷಗಳಲ್ಲಿ ನಡೆದ 8,988 ಶಸ್ತ್ರಕ್ರಿಯೆಗಳ ವರದಿಯನ್ನು ಅವರು 1909ರಲ್ಲಿ ಪ್ರಕಟಿಸಿದರು. ಎಳೆಯ ಕೂಸುಗಳಿಗೆ ತಾಯಿಯ ಆರೈಕೆಯೇ ಮೇಲೆಂಬುದು ಅವರ ನಿಲುವು. ಆದರೆ ತಾಯಿಯನ್ನು ಅವರು ಒಂಟಿಯಾಗಿ ಬಿಡಲಿಲ್ಲ. ದಾದಿಯರು ಮನೆಮನೆಗೆ ಹೋಗಿ ಮಕ್ಕಳನ್ನು ನೋಡಿ ಬರುತ್ತಿದ್ದರು.

ಮನೆಗೆ ಮರಳುವ ಪದ್ಧತಿ ಬೆಳೆಯಿತು, ಮಗುವಿನ ನೋವಿನ ಮೇಲಿನ ನಂಬಿಕೆ ಮಾತ್ರ ಬೆಳೆಯಲಿಲ್ಲ. ಎಳೆಯ ನರಮಂಡಲ ಬಲಿತಿಲ್ಲ, ಆದ್ದರಿಂದ ಶಿಶುವಿಗೆ ನೋವು ಅಷ್ಟಾಗಿ ತಿಳಿಯದು ಎಂಬ ಭಾವನೆ 20ನೆಯ ಶತಮಾನದ ಬಹುಭಾಗ ಉಳಿದಿತ್ತು. ಬಲವಾದ ಮದ್ದು ಕೊಟ್ಟರೆ ಉಸಿರು ನಿಂತೀತೆಂಬ ಅಂಜಿಕೆಯೂ ಅದರ ಜೊತೆಗಿತ್ತು. 1977ರಲ್ಲಿ ಅಮೆರಿಕದ ದಾದಿ ಜೋ ಈಲ್ಯಾಂಡ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಲೆಕ್ಕ ಕಣ್ಣು ತೆರೆಸುವಂಥದ್ದು. ಶಸ್ತ್ರಕ್ರಿಯೆಗೊಳಗಾದ 25 ಮಕ್ಕಳಿಗೆ ಒಟ್ಟು ಸಿಕ್ಕಿದ್ದು 24 ಸಲದ ನೋವಿನ ಮದ್ದು. ಅವರಲ್ಲಿ 13 ಮಕ್ಕಳಿಗೆ ಒಂದು ಸಲವೂ ಇಲ್ಲ. ಅದೇ ಬಗೆಯ ತೊಂದರೆಗಳಿದ್ದ 18 ವಯಸ್ಕರಿಗೆ ಸಿಕ್ಕಿದ್ದು 671 ಸಲ.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್ ಪ್ರಮುಖರು. ದಿನ ತುಂಬದೆ ಹುಟ್ಟಿದ ಶಿಶುಗಳ ಶಸ್ತ್ರಕ್ರಿಯೆಯಲ್ಲಿ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಸೇರಿಸಿದಾಗ ದೇಹದ ಒತ್ತಡದ ಹಾರ್ಮೋನುಗಳು ಕಡಿಮೆ ಏರುತ್ತವೆ, ಮುಂದಿನ ತೊಡಕುಗಳೂ ತಗ್ಗುತ್ತವೆ ಎಂದು ಅವರ ತಂಡ 1987ರಲ್ಲಿ ತೋರಿಸಿತು. ಹತ್ತು ವರ್ಷಗಳ ಅನಂತರ, 1997ರಲ್ಲಿ, ಕೆನಡಾದ ಅನ್ನಾ ಟ್ಯಾಡಿಯೊ ಅವರ ತಂಡ ಸಣ್ಣ ಶಸ್ತ್ರಕ್ರಿಯೆಯ ಕಡೆಗೇ ಗಮನ ಸೆಳೆಯಿತು. ನವಜಾತ ಸ್ಥಿತಿಯಲ್ಲಿ ಮುಂದೊಗಲನ್ನು ತೆಗೆಸಿಕೊಂಡಿದ್ದ ಗಂಡುಕೂಸುಗಳು ತಿಂಗಳುಗಳ ಮೇಲೆ ಲಸಿಕೆ ಹಾಕಿಸಿಕೊಳ್ಳುವಾಗ ಉಳಿದವರಿಗಿಂತ ಹೆಚ್ಚು ನೋವು ತೋರಿದವು. ಆಗ ಮರಗಟ್ಟಿಸುವ ಮುಲಾಮು ಹಚ್ಚಲಾಗಿದ್ದವರಲ್ಲಿ ಈ ಪರಿಣಾಮ ಕಡಿಮೆಯಿತ್ತು. ಲಸಿಕೆಗಳಿಗೆ ಹೆಸರಾದ ಸೀರಮ್ ಇನ್‌ಸ್ಟಿಟ್ಯೂಟಿನ ಊರಿನಲ್ಲಿ ಬಾಳುವ ನಮಗೆ ಇದು ನೆನಪಿರಬೇಕಾದ ಮಾತು. ಮಗು ಮರೆತೀತೆಂದು ನಾವು ತಿಳಿದ ನೋವನ್ನು ಅದರ ಮೈ ಮರೆಯದೆ ಇರಬಹುದು.

ನಂಬಿಕೆ ಬಂದ ಮೇಲೆ ಅಳತೆಗೋಲುಗಳು ಬಂದವು. 1980ರ ದಶಕದಲ್ಲಿ ಆರು ಮುಖಗಳ ಚಿತ್ರಪಟ್ಟಿ ರೂಪುಗೊಂಡಿತು. 1997ರಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನ ಎಂಬ ಐದನ್ನು ನೋಡಿ 10ಕ್ಕೆ ಅಂಕ ಕೊಡುವ ಕ್ರಮ ಪ್ರಕಟವಾಯಿತು. ಹೊರನಾಡಿನ ನಮಗೆ ಇವು ಮತ್ತಷ್ಟು ಬೇಕಾದವು. ದಾದಿ ಮರಾಠಿಯಲ್ಲಿ ‘ದುಖತಂಯ್ ಕಾ?’ ಎಂದು ಕೇಳುತ್ತಾಳೆ. ಮನೆಯಲ್ಲಿ ‘ಬ್ಯಾನಿ’, ‘ಉರಿ’ ಎಂದಷ್ಟೇ ಕಲಿತ ಮಗು ಸುಮ್ಮನಿದ್ದುಬಿಡುತ್ತದೆ. ಸುಮ್ಮನಿರುವುದು ನೋವಿಲ್ಲದ ಗುರುತಲ್ಲ. ಹೇಳಿದರೆ ಸೂಜಿ ಬಂದೀತೆಂಬ ಭಯದಿಂದಲೂ ಮಕ್ಕಳು ನೋವನ್ನು ಬಚ್ಚಿಡುತ್ತಾರೆ. ಆದ್ದರಿಂದ ಮಗು ಬಳಸುವ ಮಾತನ್ನು ದಾದಿಗೆ ಮೊದಲೇ ತಿಳಿಸಿಡುವುದು ತಾಯಿಯ ಕೆಲಸಗಳಲ್ಲೊಂದು.

ಮದ್ದುಗಳ ಚರಿತ್ರೆ ಎಚ್ಚರಿಕೆಯ ಚರಿತ್ರೆಯೂ ಹೌದು. ರೇ ಸಿಂಡ್ರೋಮಿನ ಭಯದಿಂದ 1980ರ ದಶಕದಲ್ಲಿ ಆಸ್ಪಿರಿನ್ ಮಕ್ಕಳಿಂದ ದೂರವಾಯಿತು. 12 ವರ್ಷದೊಳಗಿನವರಿಗೆ ನಿಮೆಸುಲೈಡ್ ಕೊಡುವುದನ್ನು ಭಾರತ 2011ರಲ್ಲಿ ನಿಷೇಧಿಸಿತು. ಕೆಲವು ಮಕ್ಕಳ ದೇಹ ಕೊಡೀನನ್ನು ಅತಿ ವೇಗವಾಗಿ ಮಾರ್ಫೀನಾಗಿಸಿ ಉಸಿರಾಟಕ್ಕೆ ಕುತ್ತು ತರುವುದೆಂದು ತಿಳಿದ ಅಮೆರಿಕ, ಟಾನ್ಸಿಲ್ ತೆಗೆದ ಮಕ್ಕಳಿಗೆ ಅದು ಸಲ್ಲದೆಂದು 2013ರಲ್ಲಿ ಎಚ್ಚರಿಸಿತು. ಉಳಿದುಕೊಂಡ ಹಳೆಯ ಗೆಳೆಯ ಪ್ಯಾರಾಸಿಟಮಾಲ್. ಅದರಲ್ಲಿಯೂ ಜಾರುವ ಜಾಗವಿದೆ: ನಮ್ಮ ಅಂಗಡಿಗಳಲ್ಲಿ ಸಿಗುವ ಹನಿಮದ್ದಿನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನಲ್ಲಿ ಸಾಮಾನ್ಯವಾಗಿ 24ರಿಂದ 50. ಹನಿಮದ್ದನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಪ್ರಮಾಣ ಎರಡರಿಂದ ನಾಲ್ಕು ಪಟ್ಟಾಗುತ್ತದೆ.

ಹೀಗಾಗಿ ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಮಗುವಿನ ತೂಕಕ್ಕೆ ಯಾವ ಸೀಸೆಯಿಂದ ಎಷ್ಟು? ಎಷ್ಟು ಗಂಟೆಗೊಮ್ಮೆ? ಮೊದಲ ಒಂದೆರಡು ದಿನ ಅಳುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕೆ? ರಾತ್ರಿ ಯಾರಿಗೆ ಕರೆ ಮಾಡಬೇಕು? ಗ್ಲಾಸ್ಗೋದಲ್ಲಿ ಮನೆಗೆ ಬರುತ್ತಿದ್ದ ದಾದಿ ನಮ್ಮ ಬಾಗಿಲಿಗೆ ಬರುವುದಿಲ್ಲ. ಅವಳ ಅರಿವಾದರೂ ಒಂದು ಚೀಟಿಯಲ್ಲಿ ಬರೆದು ನಮ್ಮ ಜೊತೆಗೆ ಬರಲಿ.