ತೆರೆದ ಕಿಟಕಿಯ ಅಳತೆ

ಕಟ್ಟಡದ ಯಾವ ಸಾಮಗ್ರಿ ಎಷ್ಟು ಸದ್ದು ಹೀರುತ್ತದೆ ಎಂದು ಅಂಕಿಯಲ್ಲಿ ಹೇಳುವ ಪದ್ಧತಿಗೆ ದಾರಿಯಾದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೆಲಸಕ್ಕೆ ಬಾರದ ಉಪನ್ಯಾಸ ಕೊಠಡಿ. 1895ರಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದ ಆ ಕೊಠಡಿಯಲ್ಲಿ ಆಡಿದ ಒಂದು ಮಾತು ಸುಮಾರು 5.5 ಸೆಕೆಂಡು ಗುಂಯ್‌ಗುಡುತ್ತಿತ್ತು; ಹಿಂದಿನ ಮಾತು ಅಡಗುವ ಮೊದಲೇ ಮುಂದಿನವು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿದ್ದವು. ಇದನ್ನು ಸರಿಪಡಿಸುವ ಹೊಣೆ ಭೌತಶಾಸ್ತ್ರದ ಯುವ ಅಧ್ಯಾಪಕ ವ್ಯಾಲೇಸ್ ಸೇಬೈನ್ ಅವರ ಹೆಗಲೇರಿತು.

ಸೇಬೈನ್ ಬಳಿ ಇದ್ದದ್ದು ಸೆಕೆಂಡಿಗೆ 512 ಕಂಪನದ ಒಂದು ಆರ್ಗನ್ ಕೊಳವೆ, ಕಾಲ ದಾಖಲಿಸುವ ಯಂತ್ರ ಮತ್ತು ಅವರದೇ ಕಿವಿ. ಬೀದಿಯ ಸದ್ದಡಗಿದ ನಡುರಾತ್ರಿಯ ಮೇಲೆ ಕೊಳವೆ ಊದಿಸಿ ನಿಲ್ಲಿಸುವುದು, ಸ್ವರ ಕಿವಿಗೆ ಬೀಳದಾಗುವವರೆಗಿನ ಕಾಲ ಗುರುತಿಸುವುದು. ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡಿದಷ್ಟೂ ಆ ಕಾಲ ಕುಗ್ಗುತ್ತ ಬಂತು. ಅಳೆಯುವವನ ಬಟ್ಟೆಯೂ ಸದ್ದು ಹೀರುತ್ತದೆಂದು ತಿಳಿದಾಗ, ಉಡುಪಿನ ವಿವರ ಬರೆದಿಡದ ಮೂರು ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಅವರು ಕೈಬಿಟ್ಟರು. ಅಲ್ಲಿಂದ ಮುಂದೆ ಪ್ರಯೋಗಕ್ಕೆ ಒಂದೇ ಜೊತೆ ಬಟ್ಟೆ. ಇಂಥ ಹಟವಿಲ್ಲದಿದ್ದರೆ ಕಿವಿಯಂಥ ಸಾಧನದಿಂದ ನಂಬುವಂಥ ಅಂಕಿ ಹೊರಡುತ್ತಿರಲಿಲ್ಲ.

ಆದರೆ ಮೆತ್ತೆ ಎಲ್ಲರೂ ಒಪ್ಪುವ ಮಾನವಾಗಲಾರದು, ಊರಿಗೊಂದು ಬಗೆಯದು. ಅದಕ್ಕಾಗಿ ಸೇಬೈನ್ ತೆರೆದ ಕಿಟಕಿಯನ್ನು ಆರಿಸಿಕೊಂಡರು. ಅದರ ಮೇಲೆ ಬಿದ್ದ ಸದ್ದು ಹೊರಗೆ ಹೋಯಿತೆಂದರೆ ಹೋಯಿತು, ಮರಳುವುದಿಲ್ಲ. ಹೀಗಾಗಿ ಅದರ ಹೀರಿಕೆ 1. ಈ ಲೆಕ್ಕದಲ್ಲಿ ಸಿಮೆಂಟ್ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಗೆ 0.025, ಪೈನ್ ಹಲಗೆಯ ಹೊದಿಕೆಗೆ 0.061, ಒತ್ತಾಗಿ ಕೂತ ಸಭಿಕರಿಗೆ 0.96 ಬಂತು. ಸಭೆ ತುಂಬಿದಾಗ ಖಾಲಿ ಕೊಠಡಿಯ ಗುಂಯ್‌ಗಾಟ ಏಕೆ ತಗ್ಗುತ್ತದೆಂಬುದಕ್ಕೆ ಈ ಕೊನೆಯ ಅಂಕಿಯೇ ಉತ್ತರ. ಅನುರಣನದ ಕಾಲ, ಅಂದರೆ ಗುಂಯ್‌ಗಾಟ ಅಡಗಲು ಹಿಡಿಯುವ ಸಮಯ, ಕೊಠಡಿಯ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಒಟ್ಟು ಹೀರಿಕೆ ಹೆಚ್ಚಿದಂತೆ ಇಳಿಯುತ್ತದೆ ಎಂಬ ಸೂತ್ರ 1898ರಲ್ಲಿ ಕೈಗೂಡಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಲೆಕ್ಕ ಹಾಕಿಯೇ ಕಟ್ಟಿದ್ದು.

ಇಂಥ ಅಳತೆಗೆಂದೇ ಇಲಿನಾಯ್‌ನ ಜಿನೀವಾದಲ್ಲಿ ಜಾರ್ಜ್ ಫೇಬಿಯನ್ ಎಂಬ ಸಿರಿವಂತರು ರಿವರ್‌ಬ್ಯಾಂಕ್ ಪ್ರಯೋಗಾಲಯ ಕಟ್ಟಿಸಿಕೊಟ್ಟರು. 1919ರ ಜನವರಿಯಲ್ಲಿ ಸೇಬೈನ್ ತೀರಿಕೊಂಡದ್ದರಿಂದ ಅಲ್ಲಿನ ಕೆಲಸ ನಡೆಸಿದವರು ಅವರ ಸಂಬಂಧಿ ಪಾಲ್ ಸೇಬೈನ್. ಮುಂದೆ ಕಿವಿಯ ಜಾಗಕ್ಕೆ ಮೈಕ್ರೊಫೋನ್ ಬಂತು, ಹೀರಿಕೆಯ ಏಕಮಾನಕ್ಕೆ ‘ಸೇಬಿನ್’ ಎಂಬ ಹೆಸರಾಯಿತು. ವಿಧಾನದ ತಿರುಳು ಮಾತ್ರ ಬದಲಾಗಿಲ್ಲ: ಗಟ್ಟಿ ಗೋಡೆಯ ಖಾಲಿ ಕೋಣೆಯಲ್ಲಿ ಸದ್ದು ಅಡಗುವ ಕಾಲವನ್ನು ಒಮ್ಮೆ, 10ರಿಂದ 12 ಚದರ ಮೀಟರ್ ಸಾಮಗ್ರಿ ಹಾಸಿ ಇನ್ನೊಮ್ಮೆ ಅಳೆಯುತ್ತಾರೆ. ಹಾಗೆ ಅಳೆದಾಗ ದಪ್ಪನೆಯ ಗಾಜಿನ ನಾರಿನ ಹಲಗೆಗೆ 1ಕ್ಕಿಂತ ಹೆಚ್ಚಿನ ಅಂಕಿ ಬರುವುದುಂಟು. ಬಿದ್ದದ್ದಕ್ಕಿಂತ ಹೆಚ್ಚು ಸದ್ದನ್ನು ಯಾವ ಹಲಗೆಯೂ ನುಂಗಲಾರದು. ಅಂಚಿನಲ್ಲಿ ತರಂಗಗಳು ಬಾಗಿ ಒಳಸೇರುವುದರಿಂದ ತುಂಡು ತನ್ನ ಅಳತೆಗಿಂತ ದೊಡ್ಡದಾಗಿ ವರ್ತಿಸುತ್ತದೆ, ಲೆಕ್ಕ ಹಾಕುವವರು ಭಾಗಿಸುವುದು ಮಾತ್ರ ಅದರ ನಿಜವಾದ ವಿಸ್ತೀರ್ಣದಿಂದ.