ಚಿನ್ನ ಹೋಯಿತು, ಹಾಲು ಉಳಿಯಿತು: ಸೀಮೆಹಸುವಿನ ಹೊಟ್ಟೆಗೆ ಯೀಸ್ಟ್ ಬಂದ ಕಥೆ

ಮೊನ್ನೆ ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಯ ಡೈರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತಿದ್ದ ಅಕ್ಕ ಒಬ್ಬರು ಕೇಳಿದರು: "ಹಸುಗೆ ಯೀಸ್ಟ್ ಪುಡಿ ಹಾಕಿದ್ರೆ ಹಾಲು ಜಾಸ್ತಿ ಆಗುತ್ತಂತೆ, ನಿಜವೇನಪ್ಪ?" ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಚಿನ್ನ, ರೇಷ್ಮೆ, ಹಾಲಿನ ಜಿಲ್ಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಹಾಲಿನ ಕಥೆ ಬೇರೆ ದಾರಿ ಹಿಡಿಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು, ಹಳ್ಳಿಹಳ್ಳಿಗೆ ಹಾಲಿನ ಸಂಘ ಬಂತು. 1987ರಲ್ಲಿ ಕೋಲಾರಕ್ಕೆ ಪ್ರತ್ಯೇಕ ಹಾಲು ಒಕ್ಕೂಟವಾಯಿತು. ನದಿ ಇಲ್ಲದ, ಬೋರ್‌ವೆಲ್ ನಂಬಿದ ಊರುಗಳಲ್ಲಿ ಹಾಲಿನ ಬಟವಾಡೆಯೇ ಮನೆ ನಡೆಸಿತು.

ಇದರ ಜೊತೆಗೆ ಹಸುವೂ ಬದಲಾಯಿತು. ನಾಟಿ ಹಸು ರಾಗಿ ಹುಲ್ಲು, ಬದುವಿನ ಹುಲ್ಲು ತಿಂದು ಒಂದೆರಡು ಲೀಟರ್ ಕೊಡುತ್ತಿತ್ತು. ಹತ್ತು ಲೀಟರ್ ಮೇಲೆ ಕೊಡುವ ಸೀಮೆಹಸುಗೆ ಬರೀ ಹುಲ್ಲು ಸಾಲದು. ಬೂಸಾ, ಹಿಂಡಿ, ಜೋಳದ ಹಿಟ್ಟು, ಫೀಡ್ ಸೇರಿದವು.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಹುಲ್ಲನ್ನು ಕರಗಿಸುವುದು ಅವೇ. ಹಿಟ್ಟು ಹೆಚ್ಚಾಗಿ ಹುಲ್ಲು ಕಮ್ಮಿಯಾದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹಸು ಮೆಲುಕು ಹಾಕುವುದು ಕಮ್ಮಿಯಾಗುತ್ತದೆ, ಸಗಣಿ ತೆಳ್ಳಗಾಗುತ್ತದೆ, ಹಾಲಿನ ಫ್ಯಾಟ್ ಇಳಿಯುತ್ತದೆ.

ಯೀಸ್ಟ್ ಕೆಲಸ ಮಾಡುವುದು ಇಲ್ಲೇ. ಬ್ರೆಡ್ ಉಬ್ಬಿಸುವ ಅದೇ ಜಾತಿಯ ಜೀವಿ ಇದು. ಮೇವಿನ ಜೊತೆ ಹೊಟ್ಟೆಗೆ ಹೋದ ಆಮ್ಲಜನಕವನ್ನು ಹೀರಿ, ನಾರು ಕರಗಿಸುವ ಮತ್ತು ಹುಳಿ ತಿನ್ನುವ ಜೀವಿಗಳಿಗೆ ಅನುಕೂಲ ಮಾಡಿಕೊಡುತ್ತದೆ. ವಿಷಯ ಹೊಸದೇನಲ್ಲ. ಅಮೆರಿಕದ ಎಕಲ್ಸ್ ಮತ್ತು ವಿಲಿಯಮ್ಸ್ ಕರೆಯುವ ಹಸುಗಳಿಗೆ ಯೀಸ್ಟ್ ತಿನ್ನಿಸಿ ನೋಡಿ 1925ರಲ್ಲೇ ವರದಿ ಬರೆದಿದ್ದರು.

ಹಾಗಾದರೆ ಎಷ್ಟು ಹಾಲು? ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2009ರ ಅಧ್ಯಯನದ ಪ್ರಕಾರ, ಹಸುವಿನ ತೂಕದ ಪ್ರತಿ ಕಿಲೋಗೆ ಸರಾಸರಿ 1.2 ಗ್ರಾಂ ಹಾಲು ಹೆಚ್ಚು. 400 ಕಿಲೋ ಹಸುಗೆ ದಿನಕ್ಕೆ ಸುಮಾರು ಅರ್ಧ ಲೀಟರ್. ಇದು ಸರಾಸರಿ. ಕೆಲವು ಹಸುಗಳಲ್ಲಿ ಏನೂ ಹೆಚ್ಚದೆ ಇರಬಹುದು.

ಆ ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಹುಲ್ಲು ಸರಿ ಮಾಡಿ, ಫೀಡ್ ಒಂದೇ ಸಲ ಸುರಿಯದೆ ಎರಡು ಮೂರು ಸಲ ಹಂಚಿ ಕೊಡಿ. ಆಮೇಲೂ ಯೀಸ್ಟ್ ಬೇಕೆನಿಸಿದರೆ ಪಶುವೈದ್ಯರನ್ನು ಕೇಳಿ ಹಾಕಿ. ಬಿಸಿ ಗಂಜಿಗೆ, ಬಿಸಿ ಕಲಗಚ್ಚಿಗೆ ಬೆರೆಸಬೇಡಿ, ಯೀಸ್ಟ್ ಸಾಯುತ್ತದೆ. ಅದು ಹೊಟ್ಟೆಯಲ್ಲಿ ನೆಲೆಯೂರುವುದಿಲ್ಲ, ಆದ್ದರಿಂದ ದಿನವೂ ಕೊಡಬೇಕು, ಅಂದರೆ ಖರ್ಚೂ ದಿನವೂ ಇರುತ್ತದೆ.

ಒಂದು ತಿಂಗಳು ಡೈರಿ ಪುಸ್ತಕದಲ್ಲಿ ಲೀಟರ್, ಫ್ಯಾಟ್ ಎರಡನ್ನೂ ನೋಡಿ. ಹೆಚ್ಚಿದ ಹಾಲಿನ ದುಡ್ಡು ಪುಡಿಯ ದುಡ್ಡಿಗಿಂತ ಜಾಸ್ತಿ ಇದ್ದರೆ ಮುಂದುವರಿಸಿ. ಇಲ್ಲದಿದ್ದರೆ ಆ ದುಡ್ಡಿಗೆ ಒಂದು ಹೊರೆ ರಾಗಿ ಹುಲ್ಲು ತನ್ನಿ.