ಸುಂಕದ ಕಟ್ಟೆಯೂ ಸಮುದ್ರದ ದಾರಿಯೂ

ಗದಗ ನಿಲ್ದಾಣದಿಂದ ಮೂಡಲಿಗೆ ಹೊರಟ ರೈಲುಗಾಡಿ ಹರ್ಲಾಪುರವನ್ನು ಹಿಂದೆ ಬಿಟ್ಟು ಬನ್ನಿಕೊಪ್ಪವನ್ನು ಸೇರುವ ಹೊತ್ತಿಗೆ, 1948ಕ್ಕೆ ಮುಂಚೆ, ಪ್ರಯಾಣಿಕನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಿರುತ್ತಿದ್ದನು. ಕಿಟಕಿಯಾಚೆಗೆ ಅದೇ ಎರೆಭೂಮಿ, ಅದೇ ಹತ್ತಿ, ಅದೇ ಬಿಳಿಜೋಳ. ಆದರೆ ಆ ಭೂಮಿಯ ಒಡೆಯ ನಿಜಾಮನು. ಅಲ್ಲಿ ನಡೆಯುವ ನಾಣ್ಯ ಹಾಲಿ ಸಿಕ್ಕಾ. ಅಲ್ಲಿಗೆ ಒಯ್ಯುವ ಸರಕಿಗೆ ಸುಂಕವನ್ನು ವಸೂಲು ಮಾಡುವವನು ಕರೋಡಗಿರಿಯ ಅಧಿಕಾರಿ. ಗದಗಿನಿಂದ ತೆಂಕಣಕ್ಕೆ ಹೊರಟರೂ ಸೀಮೆಗಳು ತಪ್ಪುತ್ತಿರಲಿಲ್ಲ. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ ಸೇರಿದ್ದಿತು, ಶಿರಹಟ್ಟಿಯು ಸಾಂಗಲಿಗೆ. ಮುಂಡರಗಿಯು ಬ್ರಿಟಿಷರ ಧಾರವಾಡ ಜಿಲ್ಲೆಯ ಕೊನೆಯಂಚಿನಲ್ಲಿ, ನಿಜಾಮನ ಗಡಿಗೆ ಬೆನ್ನುಹಚ್ಚಿ ಕುಳಿತಿದ್ದಿತು. ಒಂದು ದಿನದ ಚಕ್ಕಡಿಯ ಪ್ರಯಾಣದಲ್ಲಿ ನಾಲ್ಕು ದೊರೆತನಗಳನ್ನು ಕಾಣಬಹುದಾಗಿದ್ದ ನಾಡು ಇದು.

ಒಂದು ವ್ಯಾಪಾರ ಕೂಟದಿಂದ ಹೊರಬಂದರೆ ಲಾಭವೋ ನಷ್ಟವೋ ಎಂಬ ಚರ್ಚೆ ನಮ್ಮ ಕಾಲದಲ್ಲಿ ದೊಡ್ಡದಾಗಿ ಕೇಳಿಬಂದುದು ಬ್ರಿಟನ್ನಿನಿಂದ. 2016ರ ಜೂನ್ 23ರಂದು ಅಲ್ಲಿಯ ಜನ ಯುರೋಪಿನ ಒಕ್ಕೂಟವನ್ನು ಬಿಡಬೇಕೆಂದು ಮತ ಕೊಟ್ಟರು. 2020ರ ಜನವರಿ 31ರಂದು ಆ ದೇಶ ಹೊರಬಿದ್ದಿತು. ಇಂಥ ಪ್ರಶ್ನೆ ನಮಗೆ ಹೊಸದೆಂದು ಕೇಳುಗರು ತಿಳಿದಾರು. ಹಾಗಿಲ್ಲ. ಗದಗಿನ ಮೇಲೆ ಹಾದುಹೋಗುವ ಒಂದೇ ರೈಲುದಾರಿಯ ಎರಡು ತುದಿಗಳಲ್ಲಿ, ಅರ್ಧ ಶತಮಾನದ ಅಂತರದಲ್ಲಿ, ಇದೇ ಪ್ರಶ್ನೆ ಎರಡು ಸಲ ಎದ್ದಿದ್ದಿತು. ಪಡುವಣ ತುದಿಯಲ್ಲಿ 1892ರಲ್ಲಿ, ಗೋವೆಯಲ್ಲಿ. ಮೂಡಣ ತುದಿಯಲ್ಲಿ 1947ರಲ್ಲಿ, ಹೈದರಾಬಾದಿನಲ್ಲಿ.

ಮೊದಲು ಗೋವೆಯ ಕಥೆ. 1878ರ ಡಿಸೆಂಬರ್ 26ರಂದು ಲಿಸ್ಬನ್ ನಗರದಲ್ಲಿ ಬ್ರಿಟನ್ ಮತ್ತು ಪೋರ್ತುಗಾಲಗಳ ನಡುವೆ ಒಂದು ಕರಾರಾಯಿತು. ಬ್ರಿಟಿಷರ ಪರವಾಗಿ ರಾಬರ್ಟ್ ಮೋರಿಯರ್, ಪೋರ್ತುಗಾಲದ ಪರವಾಗಿ ಆಂದ್ರಾದೆ ಕೊರ್ವೊ ಇದರ ಶಿಲ್ಪಿಗಳು. ಬ್ರಿಟಿಷ್ ಇಂಡಿಯಾ ಮತ್ತು ಪೋರ್ತುಗೀಜ್ ಇಂಡಿಯಾಗಳ ನಡುವಿನ ಸುಂಕದ ಗಡಿಯನ್ನು ತೆಗೆದುಹಾಕಬೇಕು. ಹೊರಗಿನಿಂದ ಬರುವ ಸರಕಿಗೆ ಎರಡೂ ಕಡೆ ಒಂದೇ ದರದ ಸುಂಕವಿರಬೇಕು. ಮರ್ಮಗೋವಾ ಬಂದರದಿಂದ ಘಟ್ಟ ಹತ್ತಿ ಬರುವ ಒಂದು ರೈಲುದಾರಿಯಾಗಬೇಕು. ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹತೋಟಿಗೆ ಬರಬೇಕು, ಅದರ ಬದಲಿಗೆ ಪೋರ್ತುಗೀಜರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲಬೇಕು. ಹನ್ನೆರಡು ವರ್ಷಗಳ ಅವಧಿಯ ಈ ಕರಾರು 1880ರ ಜನವರಿಯಿಂದ ಜಾರಿಗೆ ಬಂದಿತು.

ಕಾಗದದ ಮೇಲೆ ಇದು ಇಬ್ಬರಿಗೂ ಹಿತವಾದ ಏರ್ಪಾಡು. ಗದಗಿಗಂತೂ ಇದು ಒಂದು ಸಮುದ್ರವನ್ನೇ ಹತ್ತಿರಕ್ಕೆ ತಂದುಕೊಡುವ ಮಾತಾಗಿದ್ದಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಲ್ಯಾಂಕಾಶಾಯರಿನ ಗಿರಣಿಗಳಿಗೆ ಅರಳೆ ಸಿಗದೆ ಹೋದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದಿತು. ಆದರೆ ಅಂಡಿಗೆಗಳನ್ನು ಕರಾವಳಿಗೆ ಸಾಗಿಸಲು ಇದ್ದುದು ಎತ್ತಿನ ಬಂಡಿ, ಘಟ್ಟದ ಕೊರಕಲು ದಾರಿ. ಅದಕ್ಕೂ ಹಿಂದೆ ಕರಾವಳಿಯ ಉಪ್ಪನ್ನು ಎತ್ತುಗಳ ಬೆನ್ನಿಗೆ ಹೇರಿ ಬಯಲುಸೀಮೆಗೆ ತರುತ್ತಿದ್ದವರು ಲಂಬಾಣಿಗರು. ಅವರ ತಾಂಡೆಗಳು ಇಂದಿಗೂ ಶಿರಹಟ್ಟಿ, ಮುಂಡರಗಿಗಳ ಸುತ್ತ ಇವೆ. 1876-78ರ ಕ್ಷಾಮದಲ್ಲಿ ಈ ಸೀಮೆ ಬೆಂದುಹೋದಾಗ, ಸಾಗಣೆಯ ದಾರಿಯಿಲ್ಲದ ನಾಡಿಗೆ ಕಾಳನ್ನು ತಲುಪಿಸುವುದು ಎಷ್ಟು ಕಷ್ಟವೆಂಬುದು ಸರಕಾರಕ್ಕೆ ಮನವರಿಕೆಯಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಿತು. ಗದಗ ಒಂದು ಕೂಡುನಿಲ್ದಾಣವಾಯಿತು. 1888ರಲ್ಲಿ ಮರ್ಮಗೋವೆಯಿಂದ ಕ್ಯಾಸಲ್‌ರಾಕ್‌ವರೆಗಿನ ದಾರಿ ಪೂರ್ಣಗೊಂಡು, ಗದಗಿನ ಅರಳೆ ಗಾಡಿಯಲ್ಲಿಯೇ ಹಡಗಿನ ಮಗ್ಗುಲಿಗೆ ಹೋಗುವಂತಾಯಿತು.

ಹಾಗಾದರೆ ಕರಾರು ಮುರಿದದ್ದೇಕೆ? ಬ್ರಿಟಿಷರು ಬಲಿಷ್ಠರು, ಪೋರ್ತುಗೀಜರು ದುರ್ಬಲರು ಎಂದು ಹೇಳಿಬಿಡುವುದು ಸುಲಭ. ನನಗೆ ತೋರುವ ಮಟ್ಟಿಗೆ ರೋಗದ ಮೂಲ ಬೇರೆ. ಕೂಟದೊಳಗೆ ಸುಂಕದ ದರವನ್ನು ಗೊತ್ತುಮಾಡುವ ಕೈ ಒಂದೇ ಆಗಿದ್ದಿತು. 1882ರಲ್ಲಿ ಬ್ರಿಟಿಷ್ ಇಂಡಿಯಾದ ಸರಕಾರ ಉಪ್ಪು, ಮದ್ಯ, ಆಯುಧಗಳಂಥ ಕೆಲವನ್ನು ಬಿಟ್ಟು ಉಳಿದೆಲ್ಲ ಆಮದು ಸುಂಕವನ್ನೂ ರದ್ದುಮಾಡಿತು. ಮ್ಯಾಂಚೆಸ್ಟರಿನ ಬಟ್ಟೆಗೆ ಬಾಗಿಲು ತೆರೆಯುವುದು ಅದರ ಮುಖ್ಯ ಫಲ. ಒಂದೇ ದರ ಎಂಬ ಕರಾರಿನಿಂದಾಗಿ ಗೋವೆಯ ಬೊಕ್ಕಸದ ಸುಂಕದ ಆದಾಯವೂ ಅದರೊಂದಿಗೆ ಕರಗಿತು. ಬೆಟಗೇರಿಯ ನೇಕಾರನಿಗೂ ಪಣಜಿಯ ಸುಂಕದ ಅಧಿಕಾರಿಗೂ ಒಂದೇ ನಿರ್ಣಯ ಒಂದೇ ಹೊತ್ತಿಗೆ ಹೊಡೆತ ಕೊಟ್ಟಿತು. ಇಬ್ಬರಲ್ಲಿ ಒಬ್ಬನನ್ನೂ ಕೇಳಿ ಮಾಡಿದ ನಿರ್ಣಯ ಅದಲ್ಲ.

ಉಪ್ಪಿನ ಮಾತು ಇನ್ನೂ ಕಹಿಯಾದುದು. ತಲೆಮಾರುಗಳಿಂದ ಗಜನಿಯಲ್ಲಿ ಉಪ್ಪು ಬೆಳೆಯುತ್ತಿದ್ದ ಗೋವೆಯ ಬಡವನು ತನ್ನ ಮನೆಯಂಗಳದ ಉಪ್ಪಿಗೆ ಬ್ರಿಟಿಷರ ತೆರಿಗೆಯನ್ನು ತೆರಬೇಕಾಯಿತು. 1888ರಲ್ಲಿ ಬ್ರಿಟಿಷ್ ಇಂಡಿಯಾದ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿತು. 4 ಲಕ್ಷ ರೂಪಾಯಿ ಸೇರಿದ್ದು ಸರಕಾರಕ್ಕೆ, ಗದ್ದೆ ಕಳೆದುಕೊಂಡವನಿಗಲ್ಲ. ಲಿಸ್ಬನ್ನಿನ ಸಂಸತ್ತಿನಲ್ಲಿ ಮೊದಲಿನಿಂದಲೂ ಈ ಕರಾರಿನ ವಿರೋಧಿಗಳಿದ್ದರು. ದೇಶದ ಸ್ವಾತಂತ್ರ್ಯವನ್ನೇ ಒತ್ತೆಯಿಟ್ಟಂತಾಯಿತೆಂಬುದು ಅವರ ವಾದ. 1890ರ ಜನವರಿಯಲ್ಲಿ ಆಫ್ರಿಕದ ಸೀಮೆಗಳ ವಿಷಯವಾಗಿ ಬ್ರಿಟನ್ ಪೋರ್ತುಗಾಲಕ್ಕೆ ಕೊನೆಯೆಚ್ಚರಿಕೆ ಕೊಟ್ಟ ಮೇಲಂತೂ ಲಿಸ್ಬನ್ನಿನಲ್ಲಿ ಬ್ರಿಟನ್ನಿನ ಹೆಸರೆತ್ತುವುದೇ ಕಷ್ಟವಾಯಿತು. ಕರಾರನ್ನು ಮುಂದುವರಿಸುವ ಮಾತುಕತೆ ಕೂಡಿಬರಲಿಲ್ಲ. 1892ರ ಜನವರಿಯಲ್ಲಿ ಅದು ಕೊನೆಗೊಂಡಿತು; ಘಟ್ಟದ ಮೇಲೆ ಸುಂಕದ ಕಟ್ಟೆ ಮತ್ತೆ ಎದ್ದಿತು.

ಉಪ್ಪು ಬೆಳೆಯುವವನು ನಿಟ್ಟುಸಿರುಬಿಟ್ಟನು, ಅದು ನಿಜ. ಆದರೆ ರೈಲುದಾರಿ? ಅದನ್ನು ಹಾಕಿದ ಕಂಪನಿಯ ಬಂಡವಾಳಕ್ಕೆ ಬಡ್ಡಿಯ ಹೊಣೆಯನ್ನು ಪೋರ್ತುಗಾಲದ ಸರಕಾರ ಹೊತ್ತಿದ್ದಿತು. ಸುಂಕದ ಗಡಿಯಿಲ್ಲದ ಒಂದು ಹಿನ್ನಾಡನ್ನು ನೆಚ್ಚಿ ಹಾಕಿದ ದಾರಿ ಅದು. ಗಡಿ ಮರಳಿ ಬಂದಿತು, ಬಡ್ಡಿಯ ಹೊರೆ ಹೋಗಲಿಲ್ಲ. ಅಷ್ಟರಲ್ಲಿ ಲೋಂಡಾದಿಂದ ಪುಣೆಗೆ ದಾರಿಯಾಗಿ ಮುಂಬಯಿಯ ಸೆಳೆತವೂ ಹೆಚ್ಚಿದ್ದಿತು. 1902ರಲ್ಲಿ ಗೋವೆಯ ದಾರಿಯ ಆಡಳಿತವನ್ನು ಸದರ್ನ್ ಮರಾಠಾ ಕಂಪನಿಯೇ ವಹಿಸಿಕೊಂಡಿತು. ಕೂಟ ಬಿಟ್ಟವರ ರೈಲನ್ನು ಕೂಟದ ಕಡೆಯವರೇ ಓಡಿಸಿದರು ಎನ್ನಬೇಕು! ಗದಗಿನ ಹತ್ತಿಗೆ ಆಗ ರಫ್ತಿನ ಸುಂಕವಿಲ್ಲದ್ದರಿಂದ ಅದಕ್ಕೆ ನೇರವಾದ ಪೆಟ್ಟು ಬೀಳಲಿಲ್ಲ. ಕಷ್ಟವಾದುದು ಮರಳಿ ಬರುವ ಸರಕಿಗೆ: 1894ರಲ್ಲಿ ಬ್ರಿಟಿಷ್ ಇಂಡಿಯಾ ಆಮದು ಸುಂಕವನ್ನು ಮತ್ತೆ ಹೇರಿದ ಮೇಲೆ ಗೋವೆಯ ಬಂದರದಲ್ಲಿ ಇಳಿದು ಮೇಲಕ್ಕೆ ಬರುವ ಗಂಟೆಲ್ಲವೂ ಘಟ್ಟದ ಗಡಿಯಲ್ಲಿ ಪರದೇಶದ ಸರಕಾಯಿತು.

ಇನ್ನು ಮೂಡಣ ತುದಿ. ಹೈದರಾಬಾದು ಬ್ರಿಟಿಷರ ಕಾಲದಲ್ಲಿಯೂ ತನ್ನ ಸುಂಕವನ್ನು ತಾನೇ ಎತ್ತುತ್ತಿದ್ದ ರಾಜ್ಯ. 1802ರ ಒಪ್ಪಂದದಂತೆ ಅದರ ದರ ಬೆಲೆಯ ಮೇಲೆ ನೂರಕ್ಕೆ 5. ಅದಕ್ಕೆ ತನ್ನ ನಾಣ್ಯವಿದ್ದಿತು. ಬ್ರಿಟಿಷರ 6 ಕಲದಾರ್ ರೂಪಾಯಿಗೆ ಸುಮಾರು 7 ಹಾಲಿ ರೂಪಾಯಿ ಎಂಬ ಲೆಕ್ಕ ಗಡಿಯ ಪ್ರತಿಯೊಬ್ಬ ಕಿರಾಣಿ ಅಂಗಡಿಯವನಿಗೂ ಬಾಯಿಪಾಠವಾಗಿದ್ದಿತು. ತನ್ನದೇ ರೈಲ್ವೆಯಿದ್ದಿತು, 1941ರಿಂದ ತನ್ನದೇ ಬ್ಯಾಂಕೂ ಇದ್ದಿತು, ಗುಲಬರ್ಗೆಯಲ್ಲಿ ಬಟ್ಟೆಯ ಗಿರಣಿ ಇದ್ದಿತು. ಆದುದರಿಂದ 1947ರ ಜೂನಿನಲ್ಲಿ ನಿಜಾಮನು ತಾನು ಯಾವ ಕಡೆಗೂ ಸೇರುವುದಿಲ್ಲ, ಸ್ವತಂತ್ರನಾಗಿರುತ್ತೇನೆ ಎಂದು ಸಾರಿದಾಗ ಅದನ್ನು ಬರಿಯ ಹುಚ್ಚೆಂದು ತಳ್ಳಿಹಾಕುವಂತಿರಲಿಲ್ಲ. ಯುರೋಪಿನ ಎಷ್ಟೋ ದೇಶಗಳಿಗಿಂತ ದೊಡ್ಡ ನಾಡು ತನ್ನದೆಂಬ ವಾದ ಆಸ್ಥಾನದಲ್ಲಿ ಕೇಳಿಬರುತ್ತಿದ್ದಿತು. ವಿಸ್ತಾರದ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ.

ಇಲ್ಲದಿದ್ದುದು ಒಂದೇ: ಸಮುದ್ರ. ಪೋರ್ತುಗೀಜರಿಂದ ಮರ್ಮಗೋವೆಯನ್ನು ಕೊಂಡುಕೊಳ್ಳುವ, ಇಲ್ಲವೆ ಅಲ್ಲಿ ಬಂದರದ ಹಕ್ಕನ್ನು ಪಡೆಯುವ ಯತ್ನಗಳು ಆ ದಿನಗಳಲ್ಲಿ ನಡೆದುವು. ನಕಾಶೆಯನ್ನು ಮುಂದೆ ಹರಡಿಕೊಂಡು ನೋಡಬೇಕು. ಮರ್ಮಗೋವೆಯಿಂದ ನಿಜಾಮನ ಕೊಪ್ಪಳಕ್ಕೆ ಬರುವ ರೈಲು ಹುಬ್ಬಳ್ಳಿಯನ್ನು ಹಾದು, ಗದಗನ್ನು ಹಾದು ಬರಬೇಕು. ಕೊಪ್ಪಳದ ಮೇಲೆ ಹೋಗುವ ಆ ದಾರಿ ಕೂಡ ನಿಜಾಮನ ರೈಲ್ವೆಯದಲ್ಲ, ಸದರ್ನ್ ಮರಾಠಾ ಕಂಪನಿಯವರು ಹಾಕಿದುದು. ಹೈದರಾಬಾದಿನ ಸ್ವಾತಂತ್ರ್ಯದ ಕುತ್ತಿಗೆ ಗದಗಿನ ನಿಲ್ದಾಣದ ಪಾಟಾಗಳ ಮೇಲಿದ್ದಿತು ಎಂದರೆ ಅತಿಶಯೋಕ್ತಿಯಾಗಲಾರದು.

1947ರ ನವೆಂಬರ್ 29ರಂದು ಭಾರತ ಸರಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿಯ ಒಪ್ಪಂದವಾಯಿತು. ಅದರ ಬೆನ್ನಿಗೇ ಹೈದರಾಬಾದು ಎರಡು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಬೆಳ್ಳಿ ಬಂಗಾರಗಳನ್ನು ಭಾರತಕ್ಕೆ ಸಾಗಿಸುವುದಕ್ಕೆ ನಿರ್ಬಂಧ. ಭಾರತದ ನಾಣ್ಯಕ್ಕೆ ರಾಜ್ಯದಲ್ಲಿ ಕಾನೂನಿನ ಮಾನ್ಯತೆಯಿಲ್ಲ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಗಳ ಸಾಲವನ್ನು ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ ಕೊಟ್ಟ ಸುದ್ದಿಯೂ ಹೊರಬಿದ್ದಿತು. ದೆಹಲಿಯಲ್ಲಿ ಇವೆಲ್ಲ ರಾಜಕಾರಣದ ಮಾತುಗಳು. ಅಳವಂಡಿಯ ಒಕ್ಕಲಿಗನಿಗೆ ಇವುಗಳ ಅರ್ಥ ಬೇರೆ. ಅವನ ಹತ್ತಿ ಮುಂಡರಗಿಗೋ ಗದಗಿಗೋ ಬಂದರೆ ಅಡತಿಯವನು ಎಣಿಸುವುದು ಕಲದಾರ್ ರೂಪಾಯಿ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಮರಳಿದರೆ ಅಲ್ಲಿ ಅದು ಕಾನೂನಿನ ಕಣ್ಣಿಗೆ ಹಣವೇ ಅಲ್ಲ. ಹತ್ತಿ ಮಾರಿದ್ದು ತಪ್ಪೇ, ಹಣ ತಂದದ್ದು ತಪ್ಪೇ ಎಂದು ಅವನು ಯಾರನ್ನು ಕೇಳಬೇಕು?

1948ರ ಬೇಸಗೆಯ ಹೊತ್ತಿಗೆ ಈ ಕಡೆಯ ಸರಕೂ ಆ ಕಡೆಗೆ ಹೋಗುವುದು ನಿಂತುಹೋಯಿತು. ದಿಗ್ಬಂಧನವೆಂದು ಹೈದರಾಬಾದು ದೂರಿತು. ಅಂಥದೇನೂ ಇಲ್ಲವೆಂದು ದೆಹಲಿ ಹೇಳಿತು. ಪೆಟ್ರೋಲು, ಔಷಧ, ನೀರು ಶುದ್ಧಿಮಾಡುವ ಕ್ಲೋರಿನ್‌ಗಳಿಗೆ ಅಲ್ಲಿ ಕೊರತೆಯಾದುದಂತೂ ದಿಟ. ಬಂದೂಕುಗಳು ಮಾತ್ರ ಬಂದುವು: ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಅವುಗಳನ್ನು ರಾತ್ರಿಯಲ್ಲಿ ವಿಮಾನಗಳಲ್ಲಿ ತಂದಿಳಿಸಿದನು. ಸಮುದ್ರವಿಲ್ಲದ ರಾಜ್ಯ ಆಕಾಶವನ್ನು ಬಂದರ ಮಾಡಿಕೊಂಡಿತು. ಆದರೆ ಆಕಾಶದಿಂದ ಉಪ್ಪಿನ ಚೀಲಗಳು ಇಳಿಯಲಿಲ್ಲ.

ಇತ್ತ ರಜಾಕಾರರ ಹಾವಳಿಗೆ ಅಂಜಿ ಗಡಿಯನ್ನು ದಾಟಿ ಬಂದ ಸಂಸಾರಗಳಿಂದ ಧಾರವಾಡ ಜಿಲ್ಲೆಯ ಅಂಚಿನ ಊರುಗಳು ತುಂಬಿದುವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿ ಹೋರಾಟದ ಶಿಬಿರಗಳು ನಡೆದುವು. ಗಡಿಯ ಶಿಬಿರಗಳ ತರುಣರು ಮುತ್ತಿಗೆ ಹಾಕಿದ್ದು ಯಾವ ಕೋಟೆಗೆ? ಪೊಲೀಸ್ ಠಾಣೆಗಳಿಗೆ, ಅದರ ಜೊತೆಗೆ ಕರೋಡಗಿರಿಯ ನಾಕಾಗಳಿಗೆ. ಹಳ್ಳಿಯವನ ಪಾಲಿಗೆ ಸರಕಾರವೆಂದರೆ ಅರಮನೆಯಲ್ಲ, ಚಕ್ಕಡಿಯನ್ನು ತಡೆದು ನಿಲ್ಲಿಸುವ ಆ ಗೇಟು ಎಂಬುದನ್ನು ಅವರು ಬಲ್ಲವರಾಗಿದ್ದರು.

ಸೆಪ್ಟೆಂಬರ್ 13ರಂದು ಸೈನ್ಯ ಒಳಹೊಕ್ಕಿತು; 17ಕ್ಕೆ ಎಲ್ಲವೂ ಮುಗಿಯಿತು. ಭದ್ರತಾ ಮಂಡಲಿಯು ಪ್ಯಾರಿಸಿನಲ್ಲಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡದ್ದು 16ರಂದು. ವಿಜಯದ ಸಂತೋಷದಲ್ಲಿ ಮರೆಯಬಾರದ ಒಂದು ಮಾತಿದೆ. ಆನಂತರದ ವಾರಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಕೊಲೆ ಸುಲಿಗೆಗಳಾದುವು. ಪಂಡಿತ ಸುಂದರಲಾಲರ ಸಮಿತಿ ಅದನ್ನು ಕಂಡು ವರದಿ ಮಾಡಿತು. ಹೊರಗುಳಿಯುವ ನಿರ್ಣಯದಲ್ಲಿ ಅವರಿಗೆ ಮಾತಿರಲಿಲ್ಲ. ಅದರ ಬೆಲೆಯನ್ನು ತೆತ್ತವರು ಮಾತ್ರ ಅವರು.

ಸಣ್ಣ ಸಂಸ್ಥಾನಗಳ ಕಥೆ ಇಷ್ಟು ಉದ್ದವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮಿರಜ, ಸಾಂಗಲಿಗಳಿಗೆ ತಮ್ಮದೆಂಬ ನಾಣ್ಯವಿರಲಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿಗಳ ಪೇಟೆಗಳು ಗದಗಿನ ರೈಲನ್ನು ನೋಡಿಕೊಂಡೇ ಬದುಕುತ್ತಿದ್ದುವು. 1948ರ ಮಾರ್ಚ್ 8ರಂದು ದಕ್ಷಿಣ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದಾಗ ಅಂಗಡಿಗಳಲ್ಲಿ ಯಾವ ಏರುಪೇರೂ ಕಾಣಬೇಕಾಗಿರಲಿಲ್ಲ. ಅವು ವ್ಯಾಪಾರದಲ್ಲಿ ಎಂದೋ ಒಂದಾಗಿದ್ದುವು, ಮೊಹರು ಮಾತ್ರ ಬದಲಾಯಿತು.

ಹೈದರಾಬಾದಿನ ಸುಂಕ ಮತ್ತು ಸಿಕ್ಕಾಗಳು ಒಮ್ಮೆಲೇ ಮಾಯವಾಗಲಿಲ್ಲ. ಸುಂಕವೇ ಆದಾಯದ ದೊಡ್ಡ ಮೂಲವಾಗಿದ್ದ ಬೊಕ್ಕಸವನ್ನು ಒಂದೇ ದಿನದಲ್ಲಿ ಬರಿದು ಮಾಡುವಂತಿರಲಿಲ್ಲ. ಸಂವಿಧಾನವು ದೇಶದೊಳಗಿನ ವ್ಯಾಪಾರ ಮುಕ್ತವಾಗಿರತಕ್ಕದ್ದೆಂದು 301ನೆಯ ವಿಧಿಯಲ್ಲಿ ಸಾರಿದ ಮೇಲೆಯೂ ಇಂಥ ರಾಜ್ಯಗಳಿಗೆ ಕೆಲವು ವರ್ಷಗಳ ಅವಕಾಶವಿತ್ತಿತು. 1950ರ ದಶಕದಲ್ಲಿ ಎರಡೂ ಹಂತಹಂತವಾಗಿ ಅಳಿದುವು. 1956ರ ನವೆಂಬರ್ 1ರಂದು ಗದಗ, ಕೊಪ್ಪಳಗಳು ಒಂದೇ ರಾಜ್ಯಕ್ಕೆ ಬಂದುವು. ಅತ್ತ ಘಟ್ಟದ ಮೇಲೆ 1955ರಲ್ಲಿ ಗೋವೆಯ ರೈಲು ನಿಂತು, 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಗುವವರೆಗೂ ಆ ದಾರಿ ಕಡಿದೇ ಇದ್ದಿತು. ಮುಂಡರಗಿಯ ಹಿರಿಯರ ಬಾಯಲ್ಲಿ ಮಾತ್ರ ಆ ಮೇಲೆಯೂ ಬಹುಕಾಲ ಕೊಪ್ಪಳದ ಕಡೆಯ ಊರುಗಳು ‘ಮೊಗಲಾಯಿ’ಯೇ ಆಗಿದ್ದುವು, ಮಗಳನ್ನು ಎಲ್ಲಿಗೆ ಕೊಟ್ಟಿರಿ ಎಂದು ಕೇಳಿದರೆ, ಎರಡು ಹರದಾರಿಯಾಚೆಯ ಹಳ್ಳಿಗೂ, ‘ಮೊಗಲಾಯಿಗೆ ಕೊಟ್ಟೇವ್ರಿ’ ಎನ್ನುತ್ತಿದ್ದರು.